ಓದೋರು, ಹಿಡಿಯೋರು

ಆ ಸ್ಟೀಲ್ ಸ್ಕೇಲಿನಲ್ಲಿ ಮೊದಲ ಮೂರು ಸೆಂಟಿಮೀಟರುಗಳ ಗೆರೆ, ಅಂಕಿ ಎರಡೂ ಅಳಿಸಿಹೋಗಿದ್ದವು. ಅದರ ಲೆಕ್ಕ ನಾಲ್ಕರಿಂದ ಶುರುವಾಗುತ್ತಿತ್ತು. ಅಳಿಸಿದ್ದು ಹೆಬ್ಬೆರಳು, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒತ್ತಿ ಹಿಡಿದದ್ದರ ಫಲ. ಅಳತೆಗೆ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ಅದರ ಒಡತಿ ಅದರಿಂದ ಏನನ್ನಾದರೂ ಅಳೆದದ್ದನ್ನು ನಾನು ಕಂಡಿಲ್ಲ.

ಒಡತಿ ಎಂದರೆ ನಮ್ಮ ಶಾಲೆಯ ಜರ್ಮನ್ ಟೀಚರು. ಮಕ್ಕಳು ಅವರನ್ನು ‘ಫ್ರಾವ್ ಮಿಸ್’ ಎನ್ನುತ್ತಿದ್ದರು. ಜರ್ಮನ್ನಿನಲ್ಲಿ ಹೆಂಗಸರನ್ನು ಫ್ರಾವ್ ಎಂದು ಕರೆಯಬೇಕೆಂದು ಪುಸ್ತಕ ಹೇಳಿತ್ತು, ಟೀಚರನ್ನು ಮಿಸ್ ಎನ್ನಬೇಕೆಂದು ಬೆಂಗಳೂರು ಹೇಳಿತ್ತು. ಮಕ್ಕಳು ಇಬ್ಬರ ಮಾತನ್ನೂ ಮೀರಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಅವರು ತೀರಿಕೊಂಡರು. ಶಾಲೆ ತೆರೆದ ಮೇಲೆ ಶ್ರದ್ಧಾಂಜಲಿ ಸಭೆ ನಡೆಯಿತು. ಅಲ್ಲಿ ಆಡಿದ ಮಾತುಗಳಲ್ಲಿ ಹೆಚ್ಚಿನವು ಸುಳ್ಳು. ಒಳ್ಳೆಯ ಸುಳ್ಳುಗಳೇ, ಗೋಡೆಗೆ ಹಾಕಿದ ಫೋಟೋಕ್ಕೆ ಶೋಭೆ ತರುವಂಥವು. ಆದರೆ ಫೋಟೋದಲ್ಲಿದ್ದವರು ಬದುಕಿದ್ದಷ್ಟು ದಿನ ತಪ್ಪು ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದವರು. ಅವರ ಬಗ್ಗೆ ಇಷ್ಟೊಂದು ತಪ್ಪು ಮಾತು ಒಟ್ಟಿಗೆ ಹೊರಬಿದ್ದದ್ದು ನನಗೆ ಸರಿಬರಲಿಲ್ಲ. ನಾನು ಕಂಡಷ್ಟನ್ನು ಇಲ್ಲಿ ಬರೆಯುತ್ತೇನೆ.

ಅವರು ದಪ್ಪ ಅಂಚಿನ ಕಾಟನ್ ಸೀರೆಗೆ ಗಂಡಸರ ಸ್ಪೋರ್ಟ್ಸ್ ಶೂ ಹಾಕುತ್ತಿದ್ದರು. ತಮ್ಮೂರು ಕೋಗಿಲಿನಿಂದ ಶಾಲೆಯಿದ್ದ ಸಹಕಾರನಗರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದರು, ಎಷ್ಟು ನಿಧಾನವಾಗಿ ಎಂದರೆ ನಡೆದು ಹೋಗುವವರು ಅವರನ್ನು ಮಾತಾಡಿಸಿ ಮುಂದೆ ಹೋಗುತ್ತಿದ್ದರು. ಶಾಲೆಯ ಗೇಟಿನಿಂದ ಕ್ಲಾಸಿನ ಬಾಗಿಲ ತನಕ ಹೆಲ್ಮೆಟ್ ತೆಗೆಯುತ್ತಿರಲಿಲ್ಲ. ಕಾರಿಡಾರಿನಲ್ಲಿ ಯಾರೂ ಸಿಕ್ಕಿ ಮಾತಿಗೆಳೆಯಬಾರದೆಂದು ಈ ಏರ್ಪಾಡು ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ನಾನು ಒಮ್ಮೆ ಕೇಳಿದೆ.

“ಹೌದು ಕಣಮ್ಮ,” ಎಂದರು. “ನಿಂಗೂ ಒಂದು ಕೊಡಿಸ್ಲಾ?”

ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಓದುವುದರಲ್ಲಿ ತೊಡಕಿರುವ ಮಕ್ಕಳಿಗಾಗಿ ಶಾಲೆ ತೆರೆದಿದ್ದ ‘ಲರ್ನಿಂಗ್ ಸಪೋರ್ಟ್’ ವಿಭಾಗಕ್ಕೆ ಸೇರಿದವಳು ನಾನು. ಅಷ್ಟು ಸಾಕಾಗಿತ್ತು ಅವರಿಗೆ. “ಏನಮ್ಮ ಯೂನಿವರ್ಸಿಟಿ, ಟೀ ಆಯ್ತಾ?” ಎನ್ನುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಕೋಗಿಲಿನ ಹಳೆಯ ಮಾತು ಮೇಲೆ ಬರುತ್ತಿತ್ತು. ಆಗ ಹಕಾರಗಳೆಲ್ಲ ಉದುರಿಹೋಗುತ್ತಿದ್ದವು. “ಅಂಗಲ್ಲ ಅಂತ ಏಳ್ದೆ ತಾನೇ?” ಎಂದರೆಂದರೆ ಎದುರಿದ್ದವರು ಜಾಗ ಖಾಲಿ ಮಾಡಬೇಕು.

ನಮ್ಮ ವಿಭಾಗದ ವಿಷಯ ಸ್ವಲ್ಪ ಹೇಳಬೇಕು. ಅಲ್ಲಿಗೆ ಬರುವ ಮಕ್ಕಳಿಗೆ ಡಿಸ್ಲೆಕ್ಸಿಯಾ ಎಂದು ತಜ್ಞರು ಬರೆದುಕೊಟ್ಟಿರುತ್ತಾರೆ. ಬುದ್ಧಿಗೆ ಏನೂ ಕಡಿಮೆಯಿಲ್ಲ. ಅಕ್ಷರಗಳು ಮಾತ್ರ ಅವರೆದುರು ಹೇಳಿದ ಮಾತು ಕೇಳಿಕೊಂಡು ಸಾಲಾಗಿ ನಿಲ್ಲುವುದಿಲ್ಲ. ಇಂಥ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಮೂರನೇ ಭಾಷೆಯಿಂದ, ಎಂದರೆ ಜರ್ಮನ್ನಿನಿಂದ, ವಿನಾಯಿತಿ ಉಂಟು. ವಿನಾಯಿತಿ ಸಿಕ್ಕಿದವರು ಆ ಪೀರಿಯಡ್ಡಿನಲ್ಲಿ ಆರ್ಟ್ ರೂಮಿಗೆ ಹೋಗಿ ಮಣ್ಣಿನ ದೀಪಗಳಿಗೆ ಬಣ್ಣ ಬಳಿಯಬೇಕು. ದೀಪಾವಳಿಯ ತನಕ ದೀಪಾವಳಿಗೆಂದು ಬಳಿಯುತ್ತಾರೆ, ಆಮೇಲೆ ಮುಂದಿನ ದೀಪಾವಳಿಗೆಂದು. ವಾರ್ಷಿಕೋತ್ಸವದ ದಿನ ಅವಕ್ಕೊಂದು ಮೇಜು, ಮೇಲೆ ‘ನಮ್ಮ ವಿಶೇಷ ಮಕ್ಕಳ ಕೈಚಳಕ’ ಎಂಬ ಬೋರ್ಡು. ಓದು ಒಲಿಯದ ಕೈಗೆ ಬ್ರಶ್ಶು ತಾನಾಗಿ ಒಲಿಯುತ್ತದೆಂದು ನಮ್ಮ ಆಡಳಿತ ಮಂಡಳಿ ನಂಬಿದೆ.

ಅಫ್ರೀನಳಿಗೆ ಬ್ರಶ್ಶೂ ಒಲಿದಿರಲಿಲ್ಲ. ಆಗ ಅವಳು ಆರನೇ ಕ್ಲಾಸು. ಆರ್.ಟಿ. ನಗರದಲ್ಲಿ ಅವಳ ತಂದೆಯ ಪ್ಲೈವುಡ್ ಅಂಗಡಿ. ಅವಳು ಬಣ್ಣ ಬಳಿದ ದೀಪಗಳು ಕೆಟ್ಟದಾಗಿರುತ್ತಿದ್ದವು, ಮೇಜಿನ ಮೇಲಿಡಲು ಯಾರಿಗೂ ಧೈರ್ಯ ಸಾಲದಷ್ಟು. ಹಾಗಾಗಿ ‘ಮಗುವಿನ ಸಾಧನೆ’ ಎಂದು ಮನೆಗೆ ಕಳಿಸುತ್ತಿದ್ದರು. ಒಂದು ಶನಿವಾರ ಅವಳ ತಾಯಿ ಬಂದು ನನ್ನೆದುರು ಕೂತು, ದುಪಟ್ಟಾದ ತುದಿ ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದರು:

“ಮಿಸ್, ತಪ್ಪು ತಿಳ್ಕೋಬೇಡಿ. ಮನೇಲಿ ಇಡಕ್ಕೆ ಜಾಗ ಇಲ್ಲ. ಪಕ್ಕದ ಮನೆ ಲಕ್ಷ್ಮಮ್ಮೋರಿಗೆ ಕೊಟ್ವಿ, ಎದುರು ಮನೆಗೆ ಕೊಟ್ವಿ. ಈಗ ಅವ್ರೂ ನಮ್ಮನ್ನ ನೋಡಿದ್ರೆ ಬಾಗ್ಲು ಹಾಕ್ಕೊಳ್ತಾರೆ. ಎಷ್ಟು ದೀಪ ಅಂತ ಹಚ್ಚೋದು ಮಿಸ್ ನಾವು?”

ಫ್ರಾವ್ ಮಿಸ್ ಅಫ್ರೀನಳನ್ನು ಮೊದಲು ಕಂಡದ್ದು ಆರ್ಟ್ ರೂಮಿನಲ್ಲಿ. ಅವರು ಗೋಂದು ಕೇಳಲು ಬಂದಿದ್ದರು. ನಾನು ಅಲ್ಲೇ ಇದ್ದೆ.

“ಏನೇ ಇದು?”

“ದೀಪ ಮಿಸ್.”

“ದೀಪ ಅಂತ ಗೊತ್ತು. ಅದಕ್ಕೇನಾಗಿದೆ?”

“ನಂಗೆ ಪೇಂಟಿಂಗ್ ಬರಲ್ಲ ಮಿಸ್.”

“ಮತ್ತೆ ಯಾಕೆ ಮಾಡ್ತಿದೀಯ?”

“ಓದಕ್ಕೂ ಬರಲ್ಲ ಮಿಸ್. ಅದಕ್ಕೆ.”

ಫ್ರಾವ್ ಮಿಸ್ ನಕ್ಕರು. ಅದು ಅಪರೂಪದ ಸಂಗತಿಯಾದ್ದರಿಂದ ಡ್ರಾಯಿಂಗ್ ಮೇಷ್ಟರು ಕೂಡ ತಿರುಗಿ ನೋಡಿದರು. “ಹೆಂಗೂ ಬರ್ದೇ ಇರೋದಾದ್ರೆ ನನ್ ಕ್ಲಾಸಲ್ಲೇ ಬರ್ದೇ ಇರು, ಬಾ,” ಎಂದು ಅವಳನ್ನು ಎಬ್ಬಿಸಿಕೊಂಡು ಹೋದರು. ಗೋಂದು ಮರೆತರು. ತಿಂಗಳು ಕಳೆಯುವಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳು ಬ್ರಶ್ಶು ಬಿಟ್ಟು ಅವಳ ಹಿಂದೆ ಹೋದರು; ಐವರದೇ ಒಂದು ಸೆಕ್ಷನ್ನಾಯಿತು. ಅವರ ಜೊತೆಗಿರುವುದು ನನ್ನ ಕೆಲಸವಾದ್ದರಿಂದ ನಾನೂ ಹೋಗಿ ಆ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತೆ.

ಹೊಗಳಿಕೆಯನ್ನು ಆ ಕೋಣೆಯಿಂದ ಗಡೀಪಾರು ಮಾಡಲಾಗಿತ್ತು. ಮಕ್ಕಳನ್ನು ಹುರಿದುಂಬಿಸಬೇಕೆಂದು ನಾನು ಓದಿ ಬಂದದ್ದನ್ನು ಹೇಳಿದೆ. “ಇಡೀ ಸ್ಕೂಲು ಇವಕ್ಕೆ ವೆರಿಗುಡ್ ವೆರಿಗುಡ್ ಅಂತಾನೇ ಇದೆ,” ಎಂದರು. “ವೆರಿಗುಡ್ ಅಂದು ಅಂದು ಹೊರಗೆ ಕೂರ್ಸಿದೀರಲ್ಲ, ಇನ್ನೇನಮ್ಮ ಹುರಿದುಂಬಿಸ್ತೀರಾ?” ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಮೆಚ್ಚುಗೆ ಒಂದೇ ಪದ: “ತಪ್ಪಿಲ್ಲ.” ಅದನ್ನೂ ಬೇರೆಲ್ಲೋ ನೋಡುತ್ತಾ ಹೇಳುತ್ತಿದ್ದರು.

ಶಾಲೆ ಆ ವರ್ಷ ವಿದೇಶದಿಂದ ಮರಳಿನ ತಟ್ಟೆಗಳ ಪೆಟ್ಟಿಗೆಯೊಂದನ್ನು ತರಿಸಿತ್ತು. ನೀಲಿ ಬಣ್ಣದ ನುಣ್ಣನೆಯ ಮರಳು. ಅದರಲ್ಲಿ ಬೆರಳಿನಿಂದ ಅಕ್ಷರ ತೀಡಿದರೆ ಅಕ್ಷರದ ಆಕಾರ ಕೈಗೆ ನೆನಪಿರುತ್ತದೆ. ಅದು ನಿಜವೇ. ಆದರೆ ಮಕ್ಕಳು ಚೆಲ್ಲಿಬಿಟ್ಟಾರೆಂದು ಪ್ರಿನ್ಸಿಪಾಲರು ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟರು. ಫ್ರಾವ್ ಮಿಸ್ ಮನೆಯಿಂದ ಸ್ಟೀಲ್ ತಟ್ಟೆ ತಂದು ರವೆ ಸುರಿದರು. ಮಕ್ಕಳು ರವೆಯಲ್ಲಿ ತೀಡಿದರು. ಆ ರವೆ ಕೊನೆಗೆ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ. ಶುಕ್ರವಾರ ಸ್ಟಾಫ್ ರೂಮಿಗೆ ಅವರು ಉಪ್ಪಿಟ್ಟು ತರುತ್ತಿದ್ದರು. ನಾನು ತಿನ್ನುತ್ತಿರಲಿಲ್ಲ.

ಅವರಿಗೆ ಜರ್ಮನ್ ಬಂದದ್ದು ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ. ಟೈಪಿಸ್ಟಾಗಿ ಸೇರಿದವರು, ಸಂಜೆ ಕ್ಲಾಸಿಗೆ ಹೋಗಿ ಕಲಿತು, ಅಲ್ಲಿಗೆ ಬರುತ್ತಿದ್ದ ಜರ್ಮನ್ ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸಕ್ಕೆ ಏರಿದ್ದರು. ನಿವೃತ್ತಿಯ ತನಕ ಅದೇ. ಜರ್ಮನಿಗೆ ಹೋದದ್ದು ಮಾತ್ರ ಇಲ್ಲ. ಹೋಗುವ ಸರದಿ ಬಂದಾಗೆಲ್ಲ ಸಾಹೇಬರು ಹೋದರು; ಇವರು ಸಾಹೇಬರ ಕಾಗದ ಪತ್ರ ಸಿದ್ಧ ಮಾಡಿಕೊಟ್ಟರು; ಸಾಹೇಬರು ಇವರಿಗೆ ಚಾಕೊಲೇಟು ತಂದುಕೊಟ್ಟರು. “ಆ ದೇಶದ ಚಾಕ್ಲೇಟ್ ನಂಗೆ ಚೆನ್ನಾಗ್ ಗೊತ್ತು,” ಎನ್ನುತ್ತಿದ್ದರು. ಅವರ ಜರ್ಮನ್ ಆ ಕಾರಣಕ್ಕೆ ವಿಚಿತ್ರವಾಗಿತ್ತು. ತಿರುಪುಗಳಿಗೆ ಎಷ್ಟು ಹೆಸರಿವೆಯೋ ಅಷ್ಟೂ ಬರುತ್ತಿತ್ತು. ಹೋಟೆಲಿನಲ್ಲಿ ಒಂದು ಕಾಫಿ ಕೇಳುವುದು ಬರುತ್ತಿರಲಿಲ್ಲವೆಂದು ನನ್ನ ಅನುಮಾನ. ಅವರಿಗೆ ಜಂಬವೂ ಇತ್ತು. ಬೇರೆ ಟೀಚರ ಸೆಕ್ಷನ್ನಿನ ಚಂದದ ಪಠ್ಯಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದು, ಕಿಟಕಿಯ ಮೇಲಿಡುತ್ತಿದ್ದರು.

ಆ ಸೆಕ್ಷನ್ನಿನ ಮಕ್ಕಳು ‘ನನಗೆ ಪಿಜ್ಜಾ ಇಷ್ಟ’, ‘ನನ್ನ ನಾಯಿಯ ಹೆಸರು ಬೆಲ್ಲೋ’ ಎಂದು ಓದುತ್ತಿದ್ದಾಗ ನಮ್ಮ ಐವರು ಹಳೆಯ ಡ್ರಿಲ್ಲಿಂಗ್ ಮೆಷೀನಿನ ಕೈಪಿಡಿ ಓದುತ್ತಿದ್ದರು. ‘ಮುಚ್ಚಳ ತೆರೆಯುವ ಮೊದಲು ಮೇನ್ ಸ್ವಿಚ್ ಆರಿಸಿ.’ ‘ಎಚ್ಚರಿಕೆ! ಕೈ ನಜ್ಜಾಗುವ ಅಪಾಯ.’ ಅಪಾಯದ ಭಾಗ ಮಕ್ಕಳಿಗೆ ಪಿಜ್ಜಾಕ್ಕಿಂತ ಹೆಚ್ಚು ರುಚಿಸಿತು. ಪದಗಳು ಮಾತ್ರ ಪುಟದ ಈ ತುದಿಯಿಂದ ಆ ತುದಿಗೆ ಹಬ್ಬಿರುತ್ತಿದ್ದವು. ಫ್ರಾವ್ ಮಿಸ್ ಪೆನ್ಸಿಲಿನಿಂದ ಅವುಗಳ ನಡುವೆ ಗೆರೆ ಎಳೆದು ಹೇಳುತ್ತಿದ್ದರು: “ಕೊಡಿಗೇಹಳ್ಳಿ ಗೇಟಲ್ಲಿ ಗೂಡ್ಸ್ ಗಾಡಿ ನೋಡಿದೀರಲ್ಲ? ಇಡೀ ಗಾಡಿ ನೋಡಿ ಯಾಕ್ ಹೆದರ್ತೀರ? ಬೋಗಿ ಬೋಗಿ ನೋಡಿ. ಕೊಂಡಿ ಎಲ್ಲಿದೆ ಹುಡುಕಿ. ಇಂಗ್ಲಿಷ್ ಥರ ಮೋಸ ಇಲ್ಲ ಇದ್ರಲ್ಲಿ. ಕನ್ನಡದ ಥರ, ಬರೆದದ್ದನ್ನೇ ಓದೋದು.”

ಈಗ ಸ್ಕೇಲಿನ ವಿಷಯ.

ಕಾರ್ಖಾನೆಯಲ್ಲಿ ಅಚ್ಚಿಗೆ ಹೋಗುವ ಮುನ್ನ ಪ್ರತಿ ಪುಟವನ್ನೂ ಇಬ್ಬರು ನೋಡಬೇಕಿತ್ತಂತೆ. ಒಬ್ಬರು ಗಟ್ಟಿಯಾಗಿ ಓದುವವರು. ಇನ್ನೊಬ್ಬರು ಮೂಲ ಪುಟದ ಸಾಲಿನ ಕೆಳಗೆ ಸ್ಕೇಲು ಸರಿಸುತ್ತಾ ಕೇಳಿಸಿಕೊಳ್ಳುವವರು. ವ್ಯತ್ಯಾಸ ಕಂಡರೆ ಸ್ಕೇಲಿನಿಂದ ಮೇಜಿನ ಮೇಲೆ ಒಂದು ಏಟು. ಓದೋರು, ಹಿಡಿಯೋರು ಎಂದು ಆ ವಿಭಾಗದಲ್ಲಿ ಅವರಿಗೆ ಹೆಸರು. ಹಿಡಿಯೋರು ಹುದ್ದೆಯಲ್ಲಿ ಚಿಕ್ಕವರಿರಬಹುದು, ಓದೋರು ಸಾಹೇಬರೇ ಇರಬಹುದು. ಏಟು ಬಿದ್ದರೆ ಓದು ನಿಲ್ಲಬೇಕು. ಫ್ರಾವ್ ಮಿಸ್ ಈ ಪದ್ಧತಿಯನ್ನು ಹಾಗೇ ಎತ್ತಿಕೊಂಡು ಬಂದು ನಮ್ಮ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಸ್ಥಾಪಿಸಿದರು. ಓದೋರು ಅವರು. ಹಿಡಿಯೋರು ಮಕ್ಕಳು, ಸರದಿಯ ಮೇಲೆ. ಅವರು ಓದುತ್ತಾ ಹೋಗಿ ನಡುವೆ ಎಲ್ಲೋ ಒಂದು ಪದ ತಪ್ಪು ಓದುವರು, ಅಥವಾ ಹಾರಿಸುವರು. ಹಿಡಿಯಬೇಕು.

ಹುಟ್ಟಿದಾಗಿನಿಂದ ಎಲ್ಲರ ಕೈಗೂ ಸಿಕ್ಕಿಬಿದ್ದೇ ಅಭ್ಯಾಸವಿದ್ದ ಮಕ್ಕಳವು. ಮೊದಲ ದಿನಗಳಲ್ಲಿ ಒಬ್ಬರೂ ಸ್ಕೇಲು ಎತ್ತಲಿಲ್ಲ. ಟೀಚರ್ ತಪ್ಪು ಓದಿದರೂ ತಪ್ಪು ತಮ್ಮ ಕಣ್ಣಿನದೇ ಎಂದುಕೊಂಡು ಸುಮ್ಮನಿದ್ದರು. ಮೊದಲ ಏಟು ಹಾಕಿದವಳು ಅಫ್ರೀನ್. ಎಷ್ಟು ಮೆಲ್ಲಗೆ ಎಂದರೆ ಸ್ಕೇಲು ಜಾರಿತೇನೋ ಅನ್ನಿಸಿತು.

“ಏನು?”

“ಏನಿಲ್ಲ ಮಿಸ್.”

“ಏನಿಲ್ಲಾಂದ್ರೆ ಯಾಕ್ ತಟ್ದೆ?”

“ನೀವು... ಇಲ್ಲಿ ಒಂದು ಬೋಗಿ ಬಿಟ್ರಿ ಮಿಸ್.”

ಫ್ರಾವ್ ಮಿಸ್ ಕನ್ನಡಕ ಸರಿಮಾಡಿಕೊಂಡು ನೋಡಿ, ಆ ಸಾಲನ್ನು ಸರಿಯಾಗಿ ಮತ್ತೆ ಓದಿದರು. “ತಪ್ಪಿಲ್ಲ,” ಎಂದು ಕಿಟಕಿಗೆ ಹೇಳಿ ಮುಂದಕ್ಕೆ ಹೋದರು. ಅಫ್ರೀನ್ ಕುರ್ಚಿಯಲ್ಲಿ ಸ್ವಲ್ಪ ಎತ್ತರವಾದಳು. ಆಮೇಲೆ ಆ ಕೋಣೆಯಲ್ಲಿ ಏಟುಗಳು ಎಷ್ಟು ಹೆಚ್ಚಿದವೆಂದರೆ ಕೆಳಗಿನ ಮಹಡಿಯ ಗಣಿತದ ಮೇಷ್ಟರು, “ಮೇಲೆ ಬಡಗಿ ಕೆಲ್ಸ ನಡೀತಿದ್ಯಾ ಮೇಡಂ?” ಎಂದು ಕೇಳಿದರು.

ತಪ್ಪು ಹಿಡಿಯಬೇಕಾದರೆ ಓದಲೇಬೇಕು ಎನ್ನುವುದನ್ನು ಅವರು ಮಕ್ಕಳಿಗೆ ಹೇಳಲೇ ಇಲ್ಲ. ನನಗೂ ಹೇಳಲಿಲ್ಲ. ಯಾವ ತಪ್ಪು ಬೇಕೆಂದು ಮಾಡಿದ್ದು, ಯಾವುದು ತಾನಾಗಿ ಆದದ್ದು ಎಂಬುದನ್ನೂ ಬಿಟ್ಟುಕೊಡುತ್ತಿರಲಿಲ್ಲ. ಒಂದು ದಿನ ಯಾರ ಮೇಲೋ ಸಿಟ್ಟಾಗಿ ಬಂದು, ಹಕಾರವಿಲ್ಲದೆ ಜರ್ಮನ್ ಓದಲು ಶುರುಮಾಡಿದರು. ಠಣ್ಣೆಂದು ಏಟು ಬಿತ್ತು. ಅವರು ಕೆಂಪಾಗಿ, ನೀರು ಕುಡಿದು, ಆ ಪದವನ್ನು ಹಕಾರ ಸಮೇತ ಮತ್ತೆ ಹೇಳಿದರು.

“ಮಿಸ್, ಬೇಕಂತ ಓದಿದ್ರಾ, ಇಲ್ಲಾ ಗೊತ್ತಾಗ್ದೆ ಓದಿದ್ರಾ?” ಎಂದಳು ಅಫ್ರೀನ್.

“ಇನ್ಸ್‌ಪೆಕ್ಟ್ರಿಗೆ ಅದ್ಯಾಕೆ?” ಎಂದರು. “ತಪ್ಪು ತಪ್ಪೇ.”

ಏಳನೇ ಕ್ಲಾಸಿನ ನಡುವೆ ಗಂಡಾಂತರ ಬಂತು. ಈ ಐವರ ಅಂಕಗಳಿಂದ ಜರ್ಮನ್ನಿನಲ್ಲಿ ಶಾಲೆಯ ಸರಾಸರಿ ಕುಗ್ಗುತ್ತಿದೆ ಎಂದು ಮೀಟಿಂಗಿನಲ್ಲಿ ಮಾತು ಬಂತು. ನಮ್ಮ ಡೈರೆಕ್ಟರು ಶಾಲೆ ಕಟ್ಟಿದವರ ಮಗ. ಜರ್ಮನಿಯಲ್ಲಿ ಯಾವುದೋ ಕೋರ್ಸ್ ಮಾಡಿಬಂದವರು. ಕಾರಿಡಾರಿನಲ್ಲಿ ಫ್ರಾವ್ ಮಿಸ್ ಕಂಡರೆ “ಗೂಟೆನ್ ಮಾರ್ಗೆನ್ ಮೇಡಂ!” ಎಂದು ಜೋರಾಗಿ ಕೂಗುತ್ತಿದ್ದರು. ಹೆಲ್ಮೆಟ್ಟಿನ ಒಳಗಿನಿಂದ “ನಮಸ್ಕಾರ ಸಾರ್” ಎಂದು ಬರುತ್ತಿತ್ತು. ಒಂದು ದಿನ ಡೈರೆಕ್ಟರು ನಮ್ಮ ಕೋಣೆಗೇ ಬಂದರು, ಪ್ರಿನ್ಸಿಪಾಲರ ಜೊತೆ.

“ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡೋಣ ಮೇಡಂ. ಮಕ್ಳಿಗೆ ಯಾಕೆ ಸ್ಟ್ರೆಸ್? ಒಂದು ಮಗು ಒಂದು ಪೇಜ್ ಓದ್ಲಿ. ಫ್ಲುಯೆಂಟಾಗಿ ಓದಿದ್ರೆ ಎಲ್ಲಾರೂ ಕಂಟಿನ್ಯೂ. ಇಲ್ಲಾಂದ್ರೆ ಆರಾಮಾಗಿ ಆರ್ಟ್ ರೂಮಲ್ಲಿ ಖುಷಿಯಾಗಿರ್ತಾರೆ.”

ಅಫ್ರೀನ್ ನನ್ನ ಕಡೆ ತಿರುಗಿ, ತುಟಿ ಅಲ್ಲಾಡಿಸದೆ, “ದೀಪ ನಕ್ಕೋ ಮಿಸ್,” ಎಂದಳು. ನಕ್ಕೋ ಎಂದರೆ ಬೇಡ. ಅವಳ ಮನೆಮಾತು ಆರ್.ಟಿ. ನಗರದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಫ್ಲುಯೆಂಟಾಗಿ ಓದುವುದು ಐವರಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತಿತ್ತು, ಡೈರೆಕ್ಟರಿಗೂ ಗೊತ್ತಿತ್ತು, ಅದಕ್ಕೇ ಅದನ್ನು ಕೇಳಿದ್ದರು.

“ಓದೋದು ಇಬ್ಬರ ಕೆಲ್ಸ ಸಾರ್ ನಮ್ಮಲ್ಲಿ,” ಎಂದರು ಫ್ರಾವ್ ಮಿಸ್, ನಾನು ಹಿಂದೆಂದೂ ಕೇಳಿರದ ಜೇನಿನಂಥ ದನಿಯಲ್ಲಿ. “ಒಬ್ರು ಓದ್ಬೇಕು, ಒಬ್ರು ಹಿಡೀಬೇಕು. ನಂದು ಬರೀ ಫ್ಯಾಕ್ಟರಿ ಜರ್ಮನ್. ನೀವು ಆ ದೇಶದಲ್ಲೇ ಇದ್ದು ಬಂದೋರು. ನೀವು ಓದಿದ್ರೆ ಮಕ್ಳೂ ಒಂದ್ಸಲ ಒಳ್ಳೇ ಉಚ್ಚಾರ ಕೇಳಿದ ಹಾಗಾಗತ್ತೆ.”

ಡೈರೆಕ್ಟರು ಟೈ ಸರಿಮಾಡಿಕೊಂಡರು. ಫ್ರಾವ್ ಮಿಸ್ ಕೈಪಿಡಿಯ ಎರಡು ಪ್ರತಿಗಳಲ್ಲಿ ಒಂದನ್ನು ಅವರ ಕೈಗೆ ಕೊಟ್ಟು, ಇನ್ನೊಂದನ್ನು ಅಫ್ರೀನಳ ಮುಂದೆ ಬಿಡಿಸಿಟ್ಟರು. ಅವಳು ಸ್ಕೇಲಿನ ಅಳಿಸಿಹೋದ ತುದಿಗೆ ಹೆಬ್ಬೆರಳು ಒತ್ತಿದಳು.

ಅವರು ಚೆನ್ನಾಗಿಯೇ ಓದಿದರು. ವೇಗವಾಗಿ, ಏರಿಳಿತದೊಂದಿಗೆ, ನಡುನಡುವೆ ಪ್ರಿನ್ಸಿಪಾಲರ ಕಡೆ ನೋಡುತ್ತಾ. ಎರಡನೇ ಪ್ಯಾರಾದಲ್ಲಿ ಏಟು ಬಿತ್ತು.

“ಏನಮ್ಮ?”

“ಒಂದು ವರ್ಡ್ ಬಿಟ್ರಿ ಸರ್.”

“ಇಲ್ಲ ಪುಟ್ಟಾ, ನೀನು ಹಿಂದೆ ಉಳ್ಕೊಂಡಿರ್ತೀಯ. ಪರ್ವಾಗಿಲ್ಲ.” ಅವರು ಮುಂದುವರಿಸಿದರು. ಮತ್ತೆ ಏಟು, ಈ ಬಾರಿ ಗಟ್ಟಿಯಾಗಿ.

“ಹಿಂದೆ ಉಳ್ಕೊಂಡಿಲ್ಲ ಸರ್. ಅದೇ ಲೈನಲ್ಲೇ ನಿಂತಿದೀನಿ. ಏಟು ಬಿದ್ಮೇಲೆ ಮುಂದೆ ಹೋಗೋ ಹಾಗಿಲ್ಲ.”

ಪ್ರಿನ್ಸಿಪಾಲರು ಕೆಮ್ಮಿದರು. ಅಫ್ರೀನ್ ಸ್ಕೇಲನ್ನು ಆ ಸಾಲಿನ ಕೆಳಗಿಟ್ಟು ತಾನೇ ಓದಿದಳು. ಅವಳ ವೇಗ ಕಂಡಿದ್ದರೆ ಕೊಡಿಗೇಹಳ್ಳಿಯ ಗೂಡ್ಸ್ ಗಾಡಿಯೂ ಹಾರನ್ ಹೊಡೆಯುತ್ತಿತ್ತು. ಆದರೆ ಒಂದು ಬೋಗಿಯೂ ಕಳಚಿಕೊಳ್ಳಲಿಲ್ಲ. ಸಾಲಿನ ನಡುವೆ ಒಂದು ಪುಟ್ಟ ಪದವಿತ್ತು, ‘ಕೂಡದು’ ಎಂಬರ್ಥದ್ದು. ಅವಳು ಅದರ ಮೇಲೆ ಬೆರಳಿಟ್ಟಳು.

“ಓಡ್ತಿರೋ ಮೆಷೀನಿನೊಳಗೆ ಕೈ ಹಾಕಕೂಡದು ಅಂತ ಇದೆ ಸಾರ್,” ಎಂದರು ಫ್ರಾವ್ ಮಿಸ್. “ನೀವು ಹಾಕಿ ಅಂತ ಓದಿದ್ರಿ. ಈಗ ಯಾರೋ ಒಬ್ಬನ ಕೈ ಹೋಯ್ತು.”

ಫ್ರಾವ್ ಮಿಸ್ ಕಿಟಕಿಯ ಕಡೆ ತಿರುಗಿ, “ತಪ್ಪಿಲ್ಲ,” ಎಂದರು. ಯಾರಿಗೆ ಹೇಳಿದರೆಂದು ಸ್ಪಷ್ಟವಾಗಿಯೇ ಇತ್ತು. ಡೈರೆಕ್ಟರು “ವಂಡರ್‌ಫುಲ್” ಎಂದು, ಗಡಿಯಾರ ನೋಡಿಕೊಂಡು ಹೊರಟರು. ಐವರೂ ಕ್ಲಾಸಿನಲ್ಲಿ ಉಳಿದರು. ಶಾಲೆಯ ಹೊಸ ಬ್ರೋಷರಿನಲ್ಲಿ ಸ್ಕೇಲು ಹಿಡಿದ ಅಫ್ರೀನಳ ಫೋಟೋ ಬಂತು. ಡೈರೆಕ್ಟರು ಮಾತ್ರ ಮತ್ತೆ ಆ ಕಾರಿಡಾರಿಗೆ ಬರಲಿಲ್ಲ. ಗೂಟೆನ್ ಮಾರ್ಗೆನ್ ಕೂಡ ನಿಂತುಹೋಯಿತು.

“ಭಯ ಆಗ್ಲಿಲ್ವಾ ಮೇಡಂ?” ಎಂದು ನಾನು ಆಮೇಲೆ ಕೇಳಿದೆ. “ಅವರು ಸರಿಯಾಗಿ ಓದಿಬಿಟ್ಟಿದ್ದರೆ?”

“ಓದಲ್ಲ. ಸ್ಪೀಡಾಗಿ ಓದೋರು ಸಣ್ಣ ಪದ ನುಂಗ್ತಾರೆ. ಯಾವಾಗ್ಲೂ. ನಮ್ ಸಾಹೇಬ್ರುಗಳೆಲ್ಲ ಹಂಗೇ.” ಟೀ ಹೀರಿ, ಲೋಟ ಕೆಳಗಿಟ್ಟರು. “ನಿನ್ ಮಕ್ಳಿಗೆ ಆ ಭಾಗ್ಯ ಇಲ್ಲ ನೋಡು ಯೂನಿವರ್ಸಿಟಿ. ಎಲ್ಲಾನೂ ಓದ್ಬೇಕು.”

ಇಷ್ಟೆಲ್ಲ ಆದಮೇಲೂ ಅವರನ್ನು ಇಷ್ಟಪಡುವುದು ಸುಲಭವಿರಲಿಲ್ಲ. ಒಬ್ಬ ತಾಯಿ ಕಣ್ಣೀರು ತುಂಬಿಕೊಂಡು, “ನನ್ ಮಗ ಯಾವಾಗ ನಾರ್ಮಲ್ಲಾಗಿ ಓದ್ತಾನೆ ಮೇಡಂ?” ಎಂದು ಕೇಳಿದಾಗ, “ನಾರ್ಮಲ್ಲಾಗಿ ಓದೋರು ಏನಮ್ಮ ಓದ್ತಿದಾರೆ? ವಾಟ್ಸಾಪ್ ತಾನೇ?” ಎಂದುಬಿಟ್ಟರು. ಆ ತಾಯಿಯನ್ನು ಸಮಾಧಾನ ಮಾಡಿ ಕಳಿಸಲು ನನಗೆ ಅರ್ಧ ದಿನ ಹಿಡಿಯಿತು. ದೇವರು ದಿಂಡಿರೆಂದರೆ ಮೂಗು ಮುರಿಯುತ್ತಿದ್ದವರು ಆಯುಧಪೂಜೆಯ ದಿನ ಮಾತ್ರ ಸ್ಕೇಲಿಗೆ ಅರಿಶಿನ ಕುಂಕುಮ ಇಟ್ಟು, ಒಂದು ಚೆಂಡುಹೂ ಸಿಕ್ಕಿಸುತ್ತಿದ್ದರು. “ಫ್ಯಾಕ್ಟ್ರಿ ಅಭ್ಯಾಸ,” ಎನ್ನುತ್ತಿದ್ದರು, ಕೇಳುವ ಮೊದಲೇ.

ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿತು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಫ್ರಾವ್ ಮಿಸ್ ಅವರ ಅಂತ್ಯಕ್ರಿಯೆಯ ಮೆಸೇಜು ಬಂತು. ಹೃದಯಾಘಾತ, ನಿದ್ದೆಯಲ್ಲೇ.

ಜೂನ್‌ನಲ್ಲಿ ಶ್ರದ್ಧಾಂಜಲಿ ಸಭೆ. ವೇದಿಕೆಯ ಮೇಲೆ ದೊಡ್ಡ ಫೋಟೋ, ಹೆಲ್ಮೆಟ್ ಇಲ್ಲದ್ದು. ಅದರ ಮುಂದೆ ಕೆಂಪು ಮಖಮಲ್ಲಿನ ತಟ್ಟೆಯಲ್ಲಿ ಆ ಸ್ಕೇಲು. ಪಕ್ಕದಲ್ಲಿ ಹಚ್ಚಿಟ್ಟ ಒಂದು ಮಣ್ಣಿನ ದೀಪ. ಬಣ್ಣ ಬಳಿದದ್ದು, ನಮ್ಮದೇ ಆರ್ಟ್ ರೂಮಿನದು. ಐವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ನಾನು ಅವರ ಹಿಂದೆ.

ಡೈರೆಕ್ಟರು ಮಾತಾಡಿದರು. “ಜರ್ಮನಿಯಲ್ಲಿ ಹಲವು ವರ್ಷ ಸೇವೆ ಸಲ್ಲಿಸಿ ತಾಯ್ನಾಡಿಗೆ ಮರಳಿದ ಮಹಾ ಚೇತನ...”

ಟಕ್.

ಅಫ್ರೀನ್ ಕುರ್ಚಿಯ ಕೈ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದ್ದಳು. ಡೈರೆಕ್ಟರು ಒಂದು ಕ್ಷಣ ತಡವರಿಸಿದರು. ಆ ಶಬ್ದದ ಪರಿಚಯ ಅವರಿಗಿತ್ತು.

“...ಸ್ವತಃ ಬಾಲ್ಯದಲ್ಲಿ ಇದೇ ಡಿಸ್ಲೆಕ್ಸಿಯಾದಿಂದ ಬಳಲಿ, ಅದನ್ನು ಗೆದ್ದು...”

ಟಕ್. ಹದ್ದಿನ ಹಾಗೆ ಓದುತ್ತಿದ್ದ ಹೆಂಗಸು. ಅವರಿಗೆ ಯಾವ ಬಾಲ್ಯದ ತೊಡಕೂ ಇರಲಿಲ್ಲ. ತೊಡಕಿಲ್ಲದವರು ಈ ಮಕ್ಕಳಿಗಾಗಿ ಯಾಕೆ ಕೆಲಸ ಮಾಡುತ್ತಾರೆ ಎಂಬುದಕ್ಕೆ ಡೈರೆಕ್ಟರಿಗೆ ಬೇರೆ ಕಾರಣ ಹೊಳೆದಿರಲಿಲ್ಲ, ಅಷ್ಟೇ.

“...ಪ್ರತಿ ಮಗುವನ್ನೂ ಸದಾ ಪ್ರೀತಿಯಿಂದ ಹೊಗಳುತ್ತಾ...”

ಈ ಸಲ ಟಕ್ ಎಂದದ್ದು ಸಾಲಿನ ಇನ್ನೊಂದು ತುದಿಯಿಂದ. ಪ್ರಿನ್ಸಿಪಾಲರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ನಾನು ಫೋಟೋ ನೋಡುತ್ತಿದ್ದೆ.

ಕೊನೆಗೆ ಘೋಷಣೆ ಬಂತು. ಸೂಕ್ತ ಟೀಚರು ಸಿಗುವ ತನಕ ಈ ಐವರಿಗೆ ಜರ್ಮನ್‌ನಿಂದ ವಿನಾಯಿತಿ. ಆ ಪೀರಿಯಡ್ಡಿನಲ್ಲಿ ಅವರು ಅಗಲಿದ ಗುರುಗಳ ನೆನಪಿಗಾಗಿ ದೀಪಗಳ ವಿಶೇಷ ಮಾಲಿಕೆಯೊಂದಕ್ಕೆ ಬಣ್ಣ ಬಳಿಯುತ್ತಾರೆ. ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ಗೊತ್ತಾಗದೆ ಕೆಲವರು ತಟ್ಟಿದರು.

ಹೊರಗೆ ಅಫ್ರೀನ್ ಕೇಳಿದಳು: “ಮಿಸ್, ನಾಳೆ ಥರ್ಡ್ ಪೀರಿಯಡ್ ಎಲ್ಲಿಗ್ ಹೋಗ್ಬೇಕು?”

“ಆರ್ಟ್ ರೂಮ್ ಅಂತ ಹೇಳಿದಾರೆ,” ಎಂದೆ.

“ಹೇಳಿದ್ದು ಕೇಳಿಸ್ತು ಮಿಸ್,” ಎಂದಳು. ಅಲ್ಲೇ ನಿಂತಳು. ಬಸ್ಸು ಹಾರನ್ ಮಾಡಿದ ಮೇಲೆ ಹೋದಳು.

ಮರುದಿನ ಬೆಳಿಗ್ಗೆ ನಾನು ಮಾಮೂಲಿಗಿಂತ ಬೇಗ ಬಂದೆ. ಸ್ಕೇಲನ್ನು ರಿಸೆಪ್ಷನ್ನಿನ ಗಾಜಿನ ಷೋಕೇಸಿನಲ್ಲಿ, ಕ್ರೀಡಾಕೂಟದ ಎರಡು ಕಪ್ಪುಗಳ ನಡುವೆ ನಿಲ್ಲಿಸಿದ್ದರು. ರಿಸೆಪ್ಷನಿಸ್ಟ್ ಹತ್ತಿರ ಕೀಲಿ ಕೇಳಿದೆ.

“ಯಾಕೆ ಮೇಡಂ?”

“ಸ್ವಲ್ಪ ಅಳತೆ ಮಾಡೋದಿತ್ತು,” ಎಂದೆ.

ವಿನಾಯಿತಿ ಪಡೆದ ಮಕ್ಕಳು ನಿಯಮದ ಪ್ರಕಾರ ನನ್ನ ವಿಭಾಗಕ್ಕೆ ಸೇರಿದವರು. ಮೂರನೇ ಪೀರಿಯಡ್ಡಿಗೆ ಆರ್ಟ್ ರೂಮಿನಿಂದ ಐವರನ್ನೂ ಎಬ್ಬಿಸಿಕೊಂಡು ಎರಡನೇ ಮಹಡಿಯ ಕೊನೆಯ ಕೋಣೆಗೆ ಹೋದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೈಪಿಡಿಯ ಒಂದು ಪ್ರತಿ ನನ್ನ ಮುಂದೆ, ಒಂದು ಅಫ್ರೀನಳ ಮುಂದೆ; ಉಳಿದ ನಾಲ್ವರು ಅವಳ ಸುತ್ತ ಬಗ್ಗಿದರು. ಸ್ಕೇಲು ಕೊಟ್ಟೆ. ಅವಳು ಅಳಿಸಿಹೋದ ತುದಿಯನ್ನು ಹುಡುಕಿ ಹೆಬ್ಬೆರಳು ಇಟ್ಟಳು.

ನಾನು ಓದಲು ಶುರುಮಾಡಿದೆ. ಹಿಂದಿನ ಬೆಂಚಿನಲ್ಲಿ ಕೂತು ಕಿವಿಗೆ ಬಿದ್ದಷ್ಟೇ ನನ್ನ ಜರ್ಮನ್. ಫ್ರಾವ್ ಮಿಸ್ ತಪ್ಪುಗಳನ್ನು ಯೋಚಿಸಿ ಇಡಬೇಕಿತ್ತು. ನನಗೆ ಆ ಶ್ರಮವಿರಲಿಲ್ಲ. ಮೊದಲ ಸಾಲು ಮುಗಿಯುವ ಮೊದಲೇ ಏಟು ಬಿತ್ತು. ತಿದ್ದಿಕೊಂಡೆ. ಮತ್ತೆ ಬಿತ್ತು. ಎರಡನೇ ಸಾಲಿನಲ್ಲಿ ಮೂವರು ಒಟ್ಟಿಗೆ ಕೈಯೆತ್ತಿದರು.

ಅಫ್ರೀನ್ ಸ್ಕೇಲು ಸರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಮಿಸ್, ಬೇಕಂತ ಓದ್ತಿದೀರಾ, ಇಲ್ಲಾ...”

“ಇನ್ಸ್‌ಪೆಕ್ಟ್ರಿಗೆ ಅದ್ಯಾಕೆ?” ಎಂದೆ.

ಅವಳು ಸ್ಕೇಲನ್ನು ಮೊದಲ ಸಾಲಿಗೆ ತಂದು ನಿಲ್ಲಿಸಿದಳು. ನಾನು ಮತ್ತೆ ಮೊದಲಿನಿಂದ ಓದಿದೆ.